ಕೋತಿ ನೋಡೋಕೆ ಗಡಿಯಾರ ಬೇಕು

ಚಾಮುಂಡಿ ಬೆಟ್ಟದ ಕೋತಿಗಳ ಬಗ್ಗೆ ಮೈಸೂರಿನಲ್ಲಿ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಡಿಮೆ ಒಂದೇ. ಕೈಯಲ್ಲಿರುವ ಕವರ್ ಕಿತ್ತುಕೊಳ್ಳುತ್ತವೆ, ಇಡೀ ದಿನ ಕಚ್ಚಾಡುತ್ತವೆ. ಮೆಟ್ಟಿಲು ಹತ್ತುವವರೆಲ್ಲ ಇದನ್ನು ಕಣ್ಣಾರೆ ಕಂಡವರೇ. ಆದರೂ ಇಡೀ ದಿನ ಕಚ್ಚಾಡುತ್ತವೆ ಅನ್ನುವ ಮಾತು ತಪ್ಪು. ಕಣ್ಣಾರೆ ಕಂಡದ್ದು ಹೇಗೆ ತಪ್ಪಾಗುತ್ತದೆ ಅನ್ನುವುದನ್ನು ಕೋತಿಗಳ ಸಂಶೋಧನೆಯಷ್ಟು ಚೆನ್ನಾಗಿ ಕಲಿಸುವ ವಿಜ್ಞಾನ ನನಗೆ ಬೇರೆ ಗೊತ್ತಿಲ್ಲ.

ಕಾಡಿನಲ್ಲಿ ಕೋತಿಗಳ ಹಿಂದೆ ಅಲೆಯುವುದು ಅಂದರೆ ಸಾಹಸದ ಬದುಕು ಅಂತ ಜನ ಅಂದುಕೊಳ್ಳುತ್ತಾರೆ. ಜಿಗಣೆ, ಉಣುಗು, ಮಳೆ, ಆನೆ ಎಲ್ಲ ಇರುತ್ತವೆ, ನಿಜ. ಬೆಳಕು ಹರಿಯುವ ಮೊದಲೇ ಗುಂಪು ಮಲಗಿದ ಮರದ ಹತ್ತಿರ ಹೋಗಿ ನಿಲ್ಲಬೇಕು. ತಡವಾದರೆ ಗುಂಪು ಹೊರಟುಬಿಡುತ್ತದೆ, ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಹರಿದ ಕಿವಿ, ಮೋಟು ಬಾಲ, ತುಟಿಯ ಮೇಲಿನ ಗಾಯದ ಕಲೆ ನೋಡಿ ಒಂದೊಂದು ಕೋತಿಯನ್ನೂ ಗುರುತು ಹಿಡಿಯಲು ಕಲಿಯಬೇಕು. ಇದೆಲ್ಲ ಅಭ್ಯಾಸವಾಗುತ್ತದೆ. ಅಭ್ಯಾಸವಾಗದ ಕಷ್ಟ ಒಂದಿದೆ. ಪಕ್ಕದ ಮರದಲ್ಲಿ ದೊಡ್ಡ ಜಗಳ ನಡೆಯುತ್ತಿರುವಾಗ, ಸುಮ್ನೆ ಕೂತು ಎಲೆ ಜಗಿಯುವ ಕೋತಿಯ ಮೇಲೇ ಕಣ್ಣಿಟ್ಟಿರಬೇಕು.

ಈ ಶಿಸ್ತನ್ನು ಗಟ್ಟಿ ಮಾಡಿದವರು ಜೀನ್ ಆಲ್ಟ್‌ಮನ್. ಓದಿದ್ದು ಗಣಿತ, ನೋಡಿದ್ದು ಕೀನ್ಯಾದ ಅಂಬೋಸೆಲಿಯ ಬಬೂನ್ ಅನ್ನುವ ಕೋತಿಗಳನ್ನು. 1974ರಲ್ಲಿ ಬಂದ ಅವರ ಒಂದೇ ಒಂದು ಪ್ರಬಂಧ ಪ್ರಾಣಿಗಳನ್ನು ನೋಡುವ ರೀತಿಯನ್ನೇ ಬದಲಾಯಿಸಿತು. ಯಾವ ಪ್ರಾಣಿಯನ್ನು, ಯಾವಾಗ, ಎಷ್ಟು ಹೊತ್ತು ನೋಡಬೇಕು ಅನ್ನುವುದನ್ನು ಮೊದಲೇ ನಿಗದಿ ಮಾಡಿಕೊಳ್ಳಿ, ಅಲ್ಲಿಗೆ ಹೋದ ಮೇಲೆ ಕಣ್ಣಿಗೆ ಆ ಅಧಿಕಾರ ಕೊಡಬೇಡಿ ಅನ್ನುವುದು ಅದರ ತಿರುಳು. ಸ್ಕ್ಯಾನ್ ವಿಧಾನದಲ್ಲಿ ಪ್ರತಿ 10 ನಿಮಿಷಕ್ಕೋ 15 ನಿಮಿಷಕ್ಕೋ ಗುಂಪಿನ ಮೇಲೆ ಒಮ್ಮೆ ಕಣ್ಣಾಡಿಸಿ, ಆ ಕ್ಷಣದಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ಬರೆದುಕೊಳ್ಳುತ್ತಾರೆ. ಫೋಕಲ್ ವಿಧಾನದಲ್ಲಿ ಒಂದೇ ಕೋತಿಯನ್ನು ನಿಗದಿಯಾದಷ್ಟು ಹೊತ್ತು ಬಿಡದೆ ನೋಡುತ್ತಾರೆ. ಅದು ನಿದ್ದೆ ಮಾಡಿದರೆ ನಿದ್ದೆಯನ್ನೇ ಬರೆಯುತ್ತಾರೆ.

ಇದು ಯಾಕೆ ಬೇಕು? ಒಂದು ಲೆಕ್ಕ ಹಾಕೋಣ. ಮೆಟ್ಟಿಲ ಬಳಿ 20 ಕೋತಿಗಳ ಗುಂಪನ್ನು ನೀವು ಎರಡು ಗಂಟೆ ನೋಡಿದಿರಿ, ಆರು ಜಗಳ ಕಂಡವು ಅಂತಿಟ್ಟುಕೊಳ್ಳಿ. ಮನೆಗೆ ಹೋಗಿ ಹೇಳುವುದು ಆ ಆರು ಜಗಳದ ಕಥೆಯನ್ನೇ. ಒಂದೊಂದು ಜಗಳ 10 ಸೆಕೆಂಡು, ಒಂದೊಂದರಲ್ಲಿ ಇಬ್ಬರು. ಎಲ್ಲ ಸೇರಿದರೆ 2 ನಿಮಿಷ. ಆದರೆ 20 ಕೋತಿಗಳ ಎರಡು ಗಂಟೆ ಅಂದರೆ 2,400 ನಿಮಿಷ! ಉಳಿದ 2,398 ನಿಮಿಷ ಅವು ತಿಂದವು, ನಡೆದವು, ಒರಗಿದವು, ಒಬ್ಬರ ಮೈಕೂದಲು ಒಬ್ಬರು ಹೆಕ್ಕಿದವು. ಅದು ಯಾರ ನೆನಪಲ್ಲೂ ಉಳಿಯಲಿಲ್ಲ.

ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಸಾಕು ಅನ್ನುತ್ತೇವೆ. ಎಲ್ಲ ಅಗುಳೂ ಒಂದೇ ನೀರಿನಲ್ಲಿ ಕುದಿಯುವುದರಿಂದ ಅದು ಸರಿ. ಕೋತಿಗಳ ದಿನ ಹಾಗೆ ಒಂದೇ ಹದದಲ್ಲಿ ಇರುವುದಿಲ್ಲ. ಅಲ್ಲಿ ನಮ್ಮ ಕೈ ಯಾವಾಗಲೂ ಸಿಡಿಯುವ ಅಗುಳಿಗೇ ಹೋಗುತ್ತದೆ. ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗುವುದೂ ಹೀಗೇ. ಕೆಟ್ಟ ದಿನದ ಬೆಕ್ಕು ನೆನಪಿರುತ್ತದೆ. ಬೆಕ್ಕು ಅಡ್ಡ ಬಂದೂ ಚೆನ್ನಾಗಿ ನಡೆದ ದಿನಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಓದಿದವರೂ ಇದನ್ನು ನಂಬುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಆ ಆರು ಜಗಳಕ್ಕೂ ಕಾರಣ ಇದೆ. ಕಾಡಿನಲ್ಲಿ ಎಲೆ, ಹುಳ, ಕಾಯಿ ಹರಡಿಕೊಂಡಿರುತ್ತವೆ, ಕಿತ್ತಾಡುವ ಅಗತ್ಯ ಕಡಿಮೆ. ಶನಿವಾರ ಹನುಮಂತನ ಹೆಸರಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನು ಒಂದೇ ಜಾಗದಲ್ಲಿ ಸುರಿದರೆ, ಬಲ ಇದ್ದವರಿಗೆ ಅದನ್ನು ಕಾಯ್ದುಕೊಳ್ಳುವುದು ಲಾಭ. ಹಾಗಾಗಿ ಜಗಳ. ಆ ಗಲಾಟೆಯಲ್ಲಿ ಹಲ್ಲು ಕಿರಿಯುವ ಕೋತಿ ನಗುತ್ತಿದೆ ಅಂತ ಮಕ್ಕಳಿಗೆ ತೋರಿಸಬೇಡಿ. ಹೆಚ್ಚಿನ ಸಲ ಅದು ಹೆದರಿರುತ್ತದೆ.

ನಮ್ಮ ಸೀಮೆಗೆ ಈ ಅಧ್ಯಯನದಲ್ಲಿ ಹಳೆಯ ಜಾಗವಿದೆ. 1960ರ ದಶಕದ ಶುರುವಿನಲ್ಲೇ ಅಮೆರಿಕದ ಪಾಲ್ ಸೈಮಂಡ್ಸ್ ಸೋಮನಾಥಪುರದ ಸುತ್ತ ಇದೇ ಕೋತಿಗಳನ್ನು ನೋಡಿದರು. ಬಾನೆಟ್ ಮಕಾಕ್ ಅನ್ನುವ ಈ ಜಾತಿ ಭಾರತ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲ. ಅದೇ ಕಾಲಕ್ಕೆ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದಲ್ಲಿ ಮುಸುವಗಳ ಹಿಂದೆ ಬಿದ್ದರು. ಗುಂಪಿಗೆ ಹೊಸದಾಗಿ ನುಗ್ಗಿದ ಗಂಡು ಅಲ್ಲಿದ್ದ ಮರಿಗಳನ್ನು ಕೊಲ್ಲುತ್ತದೆ ಅನ್ನುವ ವಿಷಯ ಜಗತ್ತಿಗೆ ತಿಳಿದದ್ದು ಆ ಕೆಲಸದಿಂದ. ಇಂಥ ಅಪರೂಪದ ಘಟನೆ ಸ್ಕ್ಯಾನ್‌ಗೆ ಸಿಗುವುದು ಕಷ್ಟ. ಕಂಡ ಕೂಡಲೇ ಬರೆದಿಡಬೇಕು. ಆದರೆ ಯಾರು ಹೊಸಬ, ಯಾರ ಮರಿ ಸತ್ತಿತು ಅಂತ ಹೇಳಲು ಗುಂಪಿನ ಪರಿಚಯ ಮೊದಲೇ ಇರಬೇಕು, ಅಲ್ವಾ?

ಈಗ ಊರೂರಲ್ಲಿ ಕೇಳುವ ಮಾತು, ಕೋತಿ ಜಾಸ್ತಿ ಆಗಿವೆ ಅನ್ನುವುದು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಜೊತೆಗಾರರು ಮೈಸೂರು ಸುತ್ತಲಿನ ರಸ್ತೆಗಳಲ್ಲಿ 1989ರಿಂದ 2009ರವರೆಗೆ ಮತ್ತೆ ಮತ್ತೆ ಎಣಿಸಿದರು. ಸಿಕ್ಕಿದ್ದು ಜನರ ಮಾತಿಗೆ ತದ್ವಿರುದ್ಧ. ರಸ್ತೆ ಬದಿಯ ಕೋತಿಗಳ ಸಂಖ್ಯೆ ತೀವ್ರವಾಗಿ ಕುಸಿದಿತ್ತು. ರಸ್ತೆ ಅಗಲ ಮಾಡಲು ಸಾಲುಮರ ಕಡಿದಾಗ ಮಲಗುವ ಮರ, ತಿನ್ನುವ ಆಲದ ಹಣ್ಣು ಎರಡೂ ಹೋದವು. ದೇವಸ್ಥಾನ, ಪ್ರವಾಸಿ ಜಾಗಗಳಲ್ಲಿ ಮಾತ್ರ ಅವು ಉಳಿದುಕೊಂಡವು. ನಾವು ಓಡಾಡುವುದು, ದೂರು ಹುಟ್ಟುವುದು ಅಲ್ಲೇ. ಖಾಲಿಯಾದ ರಸ್ತೆಯ ಬಗ್ಗೆ ಯಾರೂ ಅರ್ಜಿ ಬರೆಯುವುದಿಲ್ಲ.

ಮಂಡ್ಯ ಕಡೆಯ ಹಳ್ಳಿಗಳಲ್ಲಿ ತೆಂಗು, ಬಾಳೆ ಕಳೆದುಕೊಂಡ ರೈತರ ಸಂಕಟ ಸುಳ್ಳಲ್ಲ. ಅದಕ್ಕೆ ಪರಿಹಾರ ಬೇಕು. ಆದರೆ ಕೋತಿ ಹಿಡಿದು ಬೇರೆ ಕಡೆ ಬಿಡಿಸುವ ತೀರ್ಮಾನಕ್ಕೆ ಮೊದಲು ಯಾರಾದರೂ ಪಟ್ಟಿ ಹಿಡಿದು, ದೂರು ಬಂದ ಬೀದಿಯ ಜೊತೆಗೆ ದೂರು ಬಾರದ ಬೀದಿಯಲ್ಲೂ ನಡೆದು ಎಣಿಸಬೇಕು. ಮುಂದಿನ ವರ್ಷ ಅದೇ ತಿಂಗಳು, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮತ್ತೆ ಎಣಿಸಬೇಕು.