169 ಜನ ಹತ್ತಿದ ಮಾತ್ರಕ್ಕೆ ಸಾಗರ ದಾಟಲಾಗದು

ನೀರಿನಿಂದಲೇ ಮೇಲೇರಿ ನೀರಿಗೇ ಇಳಿಯುತ್ತಿದ್ದ ಜರ್ಮನಿಯ ದೈತ್ಯ ವಿಮಾನ, ಡೋರ್ನಿಯರ್ ಡೋ ಎಕ್ಸ್ ಹಾರುದೋಣಿಯ ಮಾತು ಬಂದರೆ ಸಾಕು, 1929ರ ಅಕ್ಟೋಬರ್ 21ರ ಹಾರಾಟದ ಪ್ರಸ್ತಾಪ ಬರುತ್ತದೆ. ಅಂದು ಕಾನ್‌ಸ್ಟನ್ಸ್ ಸರೋವರದ ಮೇಲೆ ಹಾರಿದಾಗ ಅದರಲ್ಲಿ 169 ಮಂದಿ ಇದ್ದರು, ಅವರಲ್ಲಿ ಒಂಬತ್ತು ಮಂದಿ ಕದ್ದು ಹತ್ತಿದವರು. ಅಷ್ಟಕ್ಕೇ ಅದನ್ನು ‘169 ಸೀಟಿನ ಅಟ್ಲಾಂಟಿಕ್ ವಿಮಾನ’ ಎಂದು ಬರೆದುಬಿಡುವುದು ಶುದ್ಧ ತಪ್ಪು. ದಯವಿಟ್ಟು ತೂಕದ ಲೆಕ್ಕ ಹಾಕಿ.

ತಲಾ 75 ಕಿಲೋ ಹಿಡಿದರೂ 169 ಜನರೆಂದರೆ ಹನ್ನೆರಡೂವರೆ ಟನ್ನಿಗೂ ಹೆಚ್ಚು. ಟ್ಯಾಂಕುಗಳು ತುಂಬಿದರೆ ಸುಮಾರು 16,000 ಲೀಟರ್ ಪೆಟ್ರೋಲ್, ಅದೇ ಹನ್ನೊಂದು ಟನ್ ದಾಟುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತು ನೀರು ಬಿಟ್ಟೇಳಲು ಸಾಧ್ಯವೇ ಇರಲಿಲ್ಲ. ಹತ್ತಿರದ ಪಯಣಕ್ಕೆ ನೂರು, ದೂರದ್ದಕ್ಕೆ 66 ಪ್ರಯಾಣಿಕರು ಎಂಬ ಲೆಕ್ಕದಲ್ಲೇ ಅದನ್ನು ರೂಪಿಸಿದ್ದು. ಇಂಧನ ಹೆಚ್ಚಿದಷ್ಟೂ ಸೀಟು ಕಡಿಮೆ, ಇಷ್ಟೇ ವಿಷಯ.

‘ಎಂಜಿನ್ ಹನ್ನೆರಡಿದ್ದವಲ್ಲ’ ಎನ್ನುವವರಿಗೆ: ಅವು ರೆಕ್ಕೆಯ ಮೇಲೆ ಆರು ಜೋಡಿಗಳಾಗಿ, ಮುಂದೊಂದು ಹಿಂದೊಂದು ಕೂತಿದ್ದವು. ಗಾಳಿಯಿಂದ ತಣಿಯಬೇಕಿದ್ದ ಜುಪಿಟರ್ ಎಂಜಿನ್‌ಗಳಲ್ಲಿ ಹಿಂದಿನದಕ್ಕೆ ಮುಂದಿನದು ಕಾಯಿಸಿ ಬಿಟ್ಟ ಗಾಳಿಯೇ ಗತಿ. ಅದು ಕಾದು ಶಕ್ತಿ ಕುಗ್ಗುತ್ತಿತ್ತು, ಎತ್ತರ 425 ಮೀಟರ್ ಮುಟ್ಟುವುದೇ ದೊಡ್ಡದು. 1930ರಲ್ಲಿ ನೀರಿನಿಂದ ತಣಿಯುವ ಕರ್ಟಿಸ್ ಕಾಂಕರರ್ ಎಂಜಿನ್ ಹಾಕಿದ ಮೇಲೂ ಎತ್ತರ ಸುಮಾರು 500 ಮೀಟರ್‌ಗೆ ನಿಂತಿತು. ಇಂಥ ಯಂತ್ರವನ್ನು ಮಾಮೂಲಿ ಮಾರ್ಗದಲ್ಲಿ ಓಡಿಸುವುದು ಬಲು ಕಷ್ಟ ಎಂಬುದು ನನ್ನ ಅಭಿಪ್ರಾಯ.

1930ರ ನವೆಂಬರ್‌ನಲ್ಲಿ ಜರ್ಮನಿಯಿಂದ ಹೊರಟ ಡೋ ಎಕ್ಸ್ ನ್ಯೂಯಾರ್ಕ್ ಮುಟ್ಟಿದ್ದು 1931ರ ಆಗಸ್ಟ್ 27ಕ್ಕೆ. ಲಿಸ್ಬನ್‌ನಲ್ಲಿ ಬಿಸಿ ಎಗ್ಸಾಸ್ಟ್ ಕೊಳವೆಗೆ ಟಾರ್ಪಾಲಿನ್ ತಾಗಿ ರೆಕ್ಕೆಗೆ ಬೆಂಕಿ ಹತ್ತಿತು, ರಿಪೇರಿಗೆ ಆರು ವಾರ. ಮುಂದೆ ಕ್ಯಾನರಿ ದ್ವೀಪಗಳಲ್ಲಿ ಒಡಲಿಗೆ ಪೆಟ್ಟಾಗಿ ಮತ್ತೆ ತಿಂಗಳುಗಟ್ಟಲೆ ತಡ. ಇವು ಅವಘಡಗಳು, ನಿಜ. ಆದರೆ ಮೂಲ ತೊಡಕು ತೂಕದ್ದೇ ಎಂಬುದಕ್ಕೆ ಸಾಗರ ದಾಟಿದ ರೀತಿಯೇ ಸಾಕ್ಷಿ.

ಆಫ್ರಿಕಾದ ಪಶ್ಚಿಮ ತೀರದಾಚೆಯ ಕೇಪ್ ವರ್ಡೆ ದ್ವೀಪಗಳಿಂದ ಹೊರಡುವಾಗ ಕ್ಯಾಪ್ಟನ್ ಫ್ರೀಡ್ರಿಷ್ ಕ್ರಿಸ್ಟಿಯಾನ್ಸೆನ್ ಹೊರೆ ಇಳಿಸಿ ಸಿಬ್ಬಂದಿಯನ್ನೂ ಕಡಿಮೆ ಮಾಡಿದರು, ನೀರಿಗೆ ತೀರ ಹತ್ತಿರದಲ್ಲೇ ವಿಮಾನ ಹಾರಿಸಿದರು. ರೆಕ್ಕೆಯ ಹರವು 48 ಮೀಟರ್. ನೀರಿನ ಮೇಲೆ ಅದಕ್ಕಿಂತ ಬಹಳ ಕಡಿಮೆ ಎತ್ತರದಲ್ಲಿ ಹಾರಿದರೆ ರೆಕ್ಕೆಯ ತುದಿಯಲ್ಲಿ ಏಳುವ ಸುಳಿಗಳನ್ನು ನೀರಿನ ಮೈ ಅಡಗಿಸುತ್ತದೆ, ವಿಮಾನವನ್ನು ಹಿಂದಕ್ಕೆ ಜಗ್ಗುವ ಗಾಳಿಯ ಎಳೆತ ಇಳಿಯುತ್ತದೆ, ಅದೇ ಶಕ್ತಿಯಲ್ಲಿ ಹೆಚ್ಚು ಭಾರ ಹೊರಬಹುದು. ಪೆಟ್ರೋಲ್ ಉರಿದು ಹಗುರಾಗುವವರೆಗೆ ಹೀಗೆ ಸಾಗಿ 1931ರ ಜೂನ್ 4ರಂದು ಫರ್ನಾಂಡೊ ದೆ ನೊರೊನ್ಯಾ ದ್ವೀಪಕ್ಕೂ, ಮರುದಿನ ಬ್ರೆಜಿಲ್‌ನ ನಟಾಲ್‌ಗೂ ತಲುಪಿತು.