ಬೇಸಿಗೆಯಲ್ಲಿ ಗಬ್ಬ ಯಾಕೆ ನಿಲ್ಲೋದಿಲ್ಲ?

ಏಪ್ರಿಲ್ ಬಂತೆಂದರೆ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಒಂದು ಗೊಣಗಾಟ ಶುರುವಾಗುತ್ತದೆ. 'ಎಚ್‌ಎಫ್ ಹಸುಗೆ ಎರಡು ಸಲ ಇಂಜೆಕ್ಷನ್ ಹಾಕಿಸ್ದೆ, ಗಬ್ಬ ನಿಲ್ತಾನೇ ಇಲ್ಲ.' (ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ತಳಿ, ಇಂಜೆಕ್ಷನ್ ಅಂದರೆ ಕೃತಕ ಗರ್ಭಧಾರಣೆ.) ಬೈಗುಳವೆಲ್ಲ ಡಾಕ್ಟರಿಗೆ. ಆದರೆ ಎಷ್ಟೋ ಸಲ ಗಬ್ಬ ಕಟ್ಟಿರುತ್ತದೆ, ಮೊದಲ ವಾರದಲ್ಲೇ ಭ್ರೂಣ ಸತ್ತಿರುತ್ತದೆ. ಹಸುವಿನ ಮೈಬಿಸಿ 41 ಡಿಗ್ರಿ ಹತ್ತಿರ ಹೋದರೆ ಒಂದೆರಡು ದಿನದ ಭ್ರೂಣ ತಡೆಯುವುದು ಕಷ್ಟ.

ಆ ವಾರವನ್ನು ಕಣ್ಣಾರೆ ನೋಡಬೇಕಾದರೆ ಲ್ಯಾಬೇ ಗತಿ. ಅಂಡಾಣುವನ್ನು ಒಂದು ದಿನ ಮಾಗಿಸಿ, ವೀರ್ಯದ ಜತೆ ಬಿಟ್ಟು, ಆಮೇಲೆ ಏಳೆಂಟು ದಿನ 38.5 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಡಿಶ್‌ನಲ್ಲಿ ಎಣ್ಣೆ, ಎಣ್ಣೆಯ ಕೆಳಗೊಂದು ಪೋಷಕ ದ್ರವದ ಹನಿ, ಹನಿಯೊಳಗೆ ಇಪ್ಪತ್ತು ಇಪ್ಪತ್ತೈದು ಭ್ರೂಣ. ಒಂದೊಂದೂ ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ನೂರು ಅಂಡಾಣು ಇಟ್ಟರೆ ಕೊನೆಗೆ ಗರ್ಭಕ್ಕೆ ಹಾಕುವ ಹಂತ ಮುಟ್ಟುವುದು ಸಾಮಾನ್ಯವಾಗಿ ಮೂವತ್ತು, ನಲವತ್ತು.

1980ರ ದಶಕದಲ್ಲಿ ಇದೂ ಸಿಗುತ್ತಿರಲಿಲ್ಲ. 8ರಿಂದ 16 ಕೋಶ ಆಗುವಷ್ಟರಲ್ಲಿ ಭ್ರೂಣಗಳು ನಿಂತುಬಿಡುತ್ತಿದ್ದವು. ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿದು ಭ್ರೂಣ ತನ್ನದೇ ಒಲೆ ಹಚ್ಚಬೇಕಾದ ಹೊತ್ತದು, ಅಂದರೆ ಅದರ ಸ್ವಂತ ಜೀನ್‌ಗಳು ಎಚ್ಚರವಾಗುವ ಸಮಯ. ಅದೇ ಭ್ರೂಣವನ್ನು ಕುರಿಯ ಅಂಡನಾಳದಲ್ಲಿ ಇಟ್ಟರೆ ಮುಂದಕ್ಕೆ ಬೆಳೆಯುತ್ತಿತ್ತು! ಅಂಡನಾಳ ಏನೋ ಕೊಡುತ್ತಿದೆ ಅಂತಾಯ್ತಲ್ವಾ? ಹಾಗೆ ಹುಡುಕುತ್ತಾ ಹೋದಾಗ ಸಿಕ್ಕವುಗಳಲ್ಲಿ ಬೆಳವಣಿಗೆ ಅಂಶಗಳೂ ಇವೆ. ಐಜಿಎಫ್-1, ಇಜಿಎಫ್ ಇತ್ಯಾದಿ. ಇವು ಆಹಾರ ಅಲ್ಲ. ಕೋಶದ ಮೇಲ್ಮೈಯಲ್ಲಿ ಸುದ್ದಿ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು 'ವಿಭಜನೆಯಾಗು', 'ಸಾಯಬೇಡ' ಎಂದು ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳು. ಭ್ರೂಣಗಳೂ ಇಂಥವನ್ನು ಸ್ವಲ್ಪ ಸ್ರವಿಸುತ್ತವೆ. ಒಂಟಿಯಾಗಿ ಇಟ್ಟ ಭ್ರೂಣ ಸೊರಗುವುದಕ್ಕೆ ಅದೂ ಒಂದು ಕಾರಣ.

ಹಾಗಂತ ಎಲ್ಲವನ್ನೂ ಸುಮ್ನೆ ಸುರಿಯುವ ಹಾಗಿಲ್ಲ. ಹಿಂದೆ ರಕ್ತದ ಸೀರಮ್ ಜಾಸ್ತಿ ಬಳಸಿದಾಗ ಕೆಲವು ಕರುಗಳು ವಿಪರೀತ ದಪ್ಪ ಹುಟ್ಟಿ, ಹಸು ಈಯುವುದೇ ಕಷ್ಟವಾಗಿತ್ತು.

ನನಗೆ ಕುತೂಹಲ ಇರುವುದು ಐಜಿಎಫ್-1 ಬಗ್ಗೆ. ಅಮೆರಿಕದ ಫ್ಲಾರಿಡಾದಲ್ಲಿ ವಿಜ್ಞಾನಿ ಪೀಟರ್ ಹ್ಯಾನ್ಸನ್ ತಂಡ ಭ್ರೂಣಗಳನ್ನು 41 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ನೋಡಿತು. ಮಿಲಿಲೀಟರಿಗೆ 100 ನ್ಯಾನೊಗ್ರಾಂ ಐಜಿಎಫ್-1 ಇದ್ದ ಹನಿಯಲ್ಲಿ ಸತ್ತ ಕೋಶಗಳು ಕಡಿಮೆ. ಅಂಥ ಭ್ರೂಣಗಳನ್ನು ಹಾಲು ಕರೆಯುವ ಹಸುಗಳಿಗೆ ಹಾಕಿದಾಗ ಸೆಕೆಗಾಲದಲ್ಲಿ ಗಬ್ಬ ನಿಂತ ಪ್ರಮಾಣ ಹೆಚ್ಚಿತು. ತಂಪಿನ ತಿಂಗಳುಗಳಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ.

ನಮ್ಮ ನಾಟಿ ತಳಿ ಹಳ್ಳಿಕಾರ್‌ಗೆ ಇದು ಬೇಕಾಗದೇ ಇರಬಹುದು. ಅದರಂತೆಯೇ ಡುಬ್ಬದ ತಳಿಯಾದ ಬ್ರಾಹ್ಮನ್‌ನ ಭ್ರೂಣ ಹೋಲ್‌ಸ್ಟೀನ್‌ನದಕ್ಕಿಂತ ಸೆಕೆ ತಡೆಯುತ್ತದೆ ಎಂದು ಅದೇ ತಂಡ ತೋರಿಸಿದೆ. ಇಲ್ಲಿ ಪರೀಕ್ಷೆ ಮಾಡುವುದಾದರೆ ಡೈರಿಗೆ ಹಾಲು ಹಾಕುವ ಎಚ್‌ಎಫ್ ಕ್ರಾಸ್‌ಗಳಿಂದಲೇ ಶುರು ಮಾಡಬೇಕು, ಅದೂ ಏಪ್ರಿಲ್‌ನಲ್ಲೇ.