ಆಸ್ಟ್ರಸೈಜ್: ಮಡಕೆ ಚೂರಿನಿಂದ ಹುಟ್ಟಿದ ಪದ

ಇಂಗ್ಲಿಷ್ ಪೇಪರ್ ಓದುವವರಿಗೆ ‘ಆಸ್ಟ್ರಸೈಜ್’ ಆಗಾಗ ಸಿಗುತ್ತೆ. ಒಬ್ಬರನ್ನು ಗುಂಪಿನಿಂದ ಹೊರಗಿಡುವುದು, ಅವರ ಜೊತೆ ಮಾತುಕತೆ, ಹೋಗಿಬರುವುದು ಎಲ್ಲ ಬಿಡುವುದು ಅಂತ ಅರ್ಥ. ಇದು ಕ್ರಿಯಾಪದ, ‘ಆಸ್ಟ್ರಸಿಸಮ್’ ನಾಮಪದ. ಹೇಳುವಾಗ ಒತ್ತು ಶುರುವಿನ ‘ಆಸ್’ ಮೇಲೆ.

ಮೂಲ ಗ್ರೀಕಿನ ‘ಆಸ್ಟ್ರಕಾನ್’. ಅಂದರೆ ಒಡೆದ ಮಡಕೆಯ ಚೂರು, ನಾವು ಬೋಕಿ ಅಂತೀವಲ್ಲ, ಅದೇ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ ಇದೇ ಬೋಕಿ ಮತಚೀಟಿಯಾಗಿತ್ತು. ಈ ಸಲ ಯಾರನ್ನಾದರೂ ಊರು ಬಿಡಿಸಬೇಕಾ ಅಂತ ವರ್ಷಕ್ಕೊಮ್ಮೆ ಸಭೆಯಲ್ಲಿ ಕೇಳುತ್ತಿದ್ದರು. ಬೇಕು ಅಂದರೆ ಮುಂದೆ ಒಂದು ದಿನ ಮತದಾನ. ಬೋಕಿ ಮೇಲೆ ಒಂದು ಹೆಸರು ಗೀಚಿ ಹಾಕಿದರೆ ಆಯಿತು. ಗ್ರೀಕ್ ಲೇಖಕ ಪ್ಲುಟಾರ್ಕ್ ಪ್ರಕಾರ ಒಟ್ಟು 6000 ಮತವಾದರೂ ಬೀಳಬೇಕಿತ್ತು. ಜಾಸ್ತಿ ಮತ ಬಿದ್ದವನು 10 ದಿನದಲ್ಲಿ ಹೊರಡಬೇಕು, 10 ವರ್ಷ ವಾಪಸ್ ಬರುವಂತಿಲ್ಲ.

ಆರೋಪ ಇಲ್ಲ, ವಿಚಾರಣೆ ಇಲ್ಲ. ಆದರೆ ಆಸ್ತಿ ಅವನದೇ, ಪೌರತ್ವಕ್ಕೂ ಧಕ್ಕೆ ಇಲ್ಲ. ಯಾವನೋ ಒಬ್ಬ ತೀರಾ ಬಲಿತುಬಿಡಬಾರದು ಅನ್ನೋದೇ ಉದ್ದೇಶ. ಅಥೆನ್ಸ್‌ನ ಮುಖಂಡ ಅರಿಸ್ಟೈಡಿಸ್‌ನನ್ನು ಕ್ರಿ.ಪೂ. 482ರಲ್ಲಿ ಹೊರಗೆ ಕಳಿಸಿದರು. ಪರ್ಷಿಯನ್ನರು ದಂಡೆತ್ತಿ ಬಂದಾಗ ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಂಡರು!

ಮತದಾನದಲ್ಲಿ ಕೈಚಳಕವೂ ಇತ್ತು ಅನ್ನಿ. ಅಥೆನ್ಸ್‌ನ ಕೋಟೆಗುಡ್ಡ ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಒಂದು ಬಾವಿಯಲ್ಲಿ ಸುಮಾರು 190 ಬೋಕಿ ಸಿಕ್ಕಿವೆ. ಎಲ್ಲದರ ಮೇಲೂ ಥೆಮಿಸ್ಟೊಕ್ಲಿಸ್ ಅನ್ನೋ ಮುಖಂಡನ ಹೆಸರೇ. ಕೈಬರಹ ನೋಡಿದರೆ ಬರೆದವರು 14 ಮಂದಿ ಅಷ್ಟೇ. ಮೊದಲೇ ಬರೆದಿಟ್ಟು ಜನರಿಗೆ ಹಂಚೋಕೆ ಇಟ್ಟಿದ್ದು ಅಂತ ವಿದ್ವಾಂಸರ ಊಹೆ. ಥೆಮಿಸ್ಟೊಕ್ಲಿಸ್ ಕೊನೆಗೆ ಊರು ಬಿಟ್ಟಿದ್ದೂ ನಿಜ.

ಇವತ್ತಿನ ಬಳಕೆಯಲ್ಲಿ ಮತವೂ ಇಲ್ಲ, 10 ವರ್ಷದ ಗಡುವೂ ಇಲ್ಲ. ಆ ಲೆಕ್ಕದಲ್ಲಿ ಹಳೇದೇ ವಾಸಿ ಅನ್ನಿಸುತ್ತೆ.

ನಾವು ಎಡವೋದು ‘ಬಾಯ್ಕಾಟ್’ ಹತ್ತಿರ. ಕನ್ನಡದಲ್ಲಿ ಎರಡಕ್ಕೂ ಬಹಿಷ್ಕಾರವೇ. ಚುನಾವಣೆ, ಸಭೆ, ಸರಕು ಇವನ್ನು ಬಹಿಷ್ಕರಿಸಿದರೆ ಬಾಯ್ಕಾಟ್. ಆಸ್ಟ್ರಸೈಜ್ ಮನುಷ್ಯರಿಗೆ ಮಾತ್ರ, ಚುನಾವಣೆಗೆ ಸುತರಾಂ ಹೊಂದಲ್ಲ. ತಮಾಷೆ ಅಂದರೆ, ಬಾಯ್ಕಾಟ್ ಪದ ಬಂದಿದ್ದೇ ಒಬ್ಬ ಮನುಷ್ಯನಿಂದ. 1880ರಲ್ಲಿ ಐರ್ಲೆಂಡಿನ ಮೇಯೋದಲ್ಲಿ ಜಮೀನ್ದಾರರೊಬ್ಬರ ಏಜೆಂಟ್ ಆಗಿದ್ದ ಕ್ಯಾಪ್ಟನ್ ಬಾಯ್ಕಾಟ್‌ಗೆ ಆಳುಗಳು ಕೆಲಸ ನಿಲ್ಲಿಸಿದರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಅವನಿಗೆ ಆಗಿದ್ದು ಅಪ್ಪಟ ಆಸ್ಟ್ರಸಿಸಮ್ಮೇ, ಅಲ್ವಾ?